ನಾಯಿಗೆ ಚೆಂಡು ತರುವ ಮೊದಲು ಅದರ ಬಾಯಿ ನೋಡಿ

ನಾಯಿಗೆಂದು ಚೆಂಡು ತರಲು ಹೋದವರು ಅಂಗಡಿಯಲ್ಲಿ ಬಣ್ಣ ನೋಡುತ್ತಾರೆ, ರೇಟು ಕೇಳುತ್ತಾರೆ. ಮೊದಲು ನೋಡಬೇಕಾದದ್ದು ನಾಯಿಯ ಬಾಯಿ. ಚೆಂಡು ಅದರ ಕೋರೆಹಲ್ಲುಗಳನ್ನು ದಾಟಿ ಒಳಗೆ ಹೋಗಲೇಬಾರದು. ದಾಟಿತೆಂದರೆ ಜೊಲ್ಲಿಗೆ ಜಾರಿ ಗಂಟಲಲ್ಲಿ ಕೂತುಬಿಡುತ್ತದೆ. ಟೆನಿಸ್ ಚೆಂಡಿನ ಅಡ್ಡಳತೆ ಸುಮಾರು 6.5 ಸೆಂಟಿಮೀಟರ್, ಪೊಮೆರೇನಿಯನ್‌ನಂಥ ಪುಟ್ಟ ಬಾಯಿಗೆ ಅದನ್ನು ಕಚ್ಚಿ ಎತ್ತುವುದು ಕಷ್ಟ, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಬಾಯಿಗೆ ಅದೇ ಚಿಕ್ಕದು. ಮನೆಯಲ್ಲಿ ಎರಡು ನಾಯಿ ಉಂಟಾದರೆ ದೊಡ್ಡದರ ಬಾಯಿಗೆ ತಕ್ಕ ಚೆಂಡನ್ನೇ ತನ್ನಿ. ಮರಿಯಿದ್ದಾಗ ತಂದ ಚೆಂಡು ನಾಯಿ ಬೆಳೆದ ಮೇಲೂ ಅಂಗಳದ ಮೂಲೆಯಲ್ಲೇ ಬಿದ್ದಿರುತ್ತದೆ, ಅದನ್ನು ಹುಡುಕಿ ತೆಗೆದುಬಿಡಿ.

ಒಂದು ವೇಳೆ ಸಿಕ್ಕಿಹಾಕಿಕೊಂಡರೆ ಗಾಬರಿಯಲ್ಲಿ ಬಾಯಿಗೆ ಬೆರಳು ತುರುಕಬೇಡಿ, ಚೆಂಡು ಇನ್ನೂ ಕೆಳಗಿಳಿಯುತ್ತದೆ. ನಾಯಿಯನ್ನು ಅಂಗಾತ ಮಲಗಿಸಿ, ಒಬ್ಬರು ಬಾಯಿ ಅಗಲಿಸಿ ಹಿಡಿಯಿರಿ. ಇನ್ನೊಬ್ಬರು ಗಂಟಲನ್ನು ಹೊರಗಿನಿಂದ ಮುಟ್ಟಿ ನೋಡಿ, ಉಬ್ಬಿದ ಜಾಗದ ಹಿಂದೆ ಎರಡೂ ಹೆಬ್ಬೆರಳಿಟ್ಟು ಬಾಯಿಯ ಕಡೆಗೆ ಜೋರಾಗಿ ನೂಕಿ. ಹೊರಗೆ ಬಂದ ಮೇಲೂ ಡಾಕ್ಟರಿಗೆ ತೋರಿಸಲೇಬೇಕು.

ಗಟ್ಟಿತನಕ್ಕೆ ನನ್ನ ಲೆಕ್ಕ ಸುಲಭ. ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪವಾದರೂ ತಗ್ಗಬೇಕು. ತಗ್ಗದ ಲೆದರ್ ಕ್ರಿಕೆಟ್ ಬಾಲು, ಗಾಲ್ಫ್ ಚೆಂಡು ಹಲ್ಲನ್ನು ಸೀಳುತ್ತವೆ. ತೆಂಗಿನ ಗೆರಟೆಯನ್ನು ಆಡಲಿ ಎಂದು ನಾಯಿಗೆ ಬಿಸಾಡುವ ಅಭ್ಯಾಸವೂ ಬೇಡ. ಸ್ಪಂಜಿನದ್ದು ತೀರಾ ಮೆತ್ತಗೆ, ಹರಿದು ನುಂಗುತ್ತದೆ. ಪೀಂ ಪೀಂ ಎನ್ನುವ ಚೆಂಡನ್ನು ನೀವು ಎದುರಿಗಿದ್ದಾಗ ಮಾತ್ರ ಕೊಡಿ, ಒಳಗಿನ ಪೀಪಿ ಕಿತ್ತು ತೆಗೆಯಲು ಅದಕ್ಕೆ ಹೊತ್ತು ಬೇಡ. ನನಗೆ ಒಪ್ಪಿಗೆಯಾಗುವುದು ದಪ್ಪ ರಬ್ಬರಿನದ್ದು. ಟೊಳ್ಳಾಗಿದ್ದರೆ ಎರಡು ತೂತು ಇರಲೇಬೇಕು. ಒಂದೇ ಇದ್ದರೆ ನಾಯಿ ಒಳಗೆ ನೆಕ್ಕುವಾಗ ಗಾಳಿ ಹೋಗಿ ಚೆಂಡು ನಾಲಗೆಯನ್ನು ಹೀರಿ ಹಿಡಿದುಕೊಳ್ಳುತ್ತದೆ, ನಾಲಗೆ ಊದಿ ಆಮೇಲೆ ಬಿಡಿಸಲಾಗುವುದಿಲ್ಲ.

ಸಂಜೆ ಮಲ್ಪೆಗೋ ಪಣಂಬೂರಿಗೋ ನಾಯಿ ಕರೆದುಕೊಂಡು ಹೋಗುವವರು ಟೆನಿಸ್ ಚೆಂಡನ್ನು ಮನೆಯಲ್ಲೇ ಬಿಡಿ. ಅದರ ಮೇಲಿನ ನಾರಿಗೆ ಮರಳು ಹಿಡಿದು, ಕಚ್ಚಿದ ಪ್ರತಿ ಸಲವೂ ಹಲ್ಲು ಸವೆಯುತ್ತದೆ. ಚೆಂಡಿನೊಂದಿಗೆ ಹೊಟ್ಟೆಗೆ ಹೋಗುವ ಮರಳು ಕರುಳಲ್ಲಿ ಕಟ್ಟಿಕೊಳ್ಳುವುದೂ ಉಂಟು. ನುಣುಪಾದ, ನೀರಲ್ಲಿ ತೇಲುವ ಚೆಂಡು ಒಳ್ಳೆಯದು, ಅದೂ ನೀಲಿಯದ್ದಾದರೆ ನಾಯಿಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಹಸಿರು ಹುಲ್ಲಿನಲ್ಲಿ ಕೆಂಪು ಚೆಂಡು ನಮಗೆ ಎದ್ದು ಕಂಡರೂ ಅದಕ್ಕೆ ಕಾಣುವುದು ಕಷ್ಟ. ಕುಡಿಯುವ ನೀರು ಜೊತೆಗಿರಲಿ, ಇಲ್ಲದಿದ್ದರೆ ಸಮುದ್ರದ ನೀರು ಕುಡಿದು ವಾಂತಿ ಮಾಡುತ್ತದೆ. ಬಲೆಯಿಂದ ಬಿಸಾಡಿದ, ಹೊಟ್ಟೆ ಊದಿದ ಪಫರ್ ಮೀನುಗಳು ದಡದಲ್ಲಿ ಬಿದ್ದಿದ್ದರೆ ಹಗ್ಗ ಬಿಚ್ಚಲೇಬೇಡಿ, ಅವುಗಳಲ್ಲಿ ಜೀವ ತೆಗೆಯುವ ವಿಷವಿರುತ್ತದೆ.

ಚಾಲಿಗೆಂದು, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿಯುವ ಅಡಿಕೆಗೆಂದು, ಅಂಗಳದಲ್ಲಿ ಹಣ್ಣಡಿಕೆ ಹರವುವ ಮನೆಗಳಲ್ಲಿ ಮರಿಗಳಿಗೆ ಅದೇ ಚೆಂಡು. ಉರುಳುತ್ತದೆ, ಬಾಯಿಗೆ ಸರಿಯಾಗಿ ಸಿಗುತ್ತದೆ. ನಾಯಿಗಳ ಲಾಡಿಹುಳ ಬೀಳಿಸಲು ಹಿಂದೆ ಕೊಡುತ್ತಿದ್ದ ಅರೆಕೋಲಿನ್ ಎಂಬ ಮದ್ದು ಅಡಿಕೆಯಿಂದಲೇ ಬಂದದ್ದು. ಅಳತೆ ಮೀರಿದರೆ ಜೊಲ್ಲು, ವಾಂತಿ, ಭೇದಿ ಶುರುವಾಗುತ್ತದೆ. ಅಡಿಕೆ ಹರವಿದ ಜಾಗಕ್ಕೆ ಬಲೆ ಕಟ್ಟಿ, ಮರಿಯನ್ನು ಜಗಲಿಯಲ್ಲೇ ಆಡಿಸಿ.

ಚೆಂಡಿನ ತುಂಡಾಗಲಿ ಅಡಿಕೆಯಾಗಲಿ ನುಂಗಿದ ಗುಮಾನಿ ಬಂದು, ನಾಯಿ ಊಟ ಬಿಟ್ಟಿದ್ದರೆ ಎಣ್ಣೆ ಕುಡಿಸುವ ಮನೆಮದ್ದು ಬೇಡ. ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ. ರಬ್ಬರು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದೆಯೂ ಇರಬಹುದು, ಹಾಗಾಗಿ ಹರಿದ ಚೆಂಡಿನಲ್ಲಿ ಉಳಿದ ಭಾಗವನ್ನು ಚೀಲದಲ್ಲಿ ಹಾಕಿ ಕೊಂಡುಹೋಗಿ ತೋರಿಸಿ.