ಶೇರ್‌ಪಾಯಿಂಟ್ ಲೈಬ್ರರಿ ತಾನಾಗಿ ಸಿಂಕ್ ಆಗಲಿ: ಮೈಸೂರು–ಮಂಡ್ಯ ಕಚೇರಿಗಳಲ್ಲಿ ನನ್ನ ಅನುಭವ

ಮುಖ್ಯ ಕಚೇರಿ ಮೈಸೂರಿನಲ್ಲಿ, ಶಾಖೆ ಮಂಡ್ಯದಲ್ಲಿ. ಲೆಕ್ಕಪತ್ರ, ರೈತರ ಒಪ್ಪಂದ, ಕಬ್ಬಿನ ತೂಕದ ಚೀಟಿಯ ಪಿಡಿಎಫ್ ಎಲ್ಲವೂ ಶೇರ್‌ಪಾಯಿಂಟ್ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಕಡತ ಸಂಗ್ರಹ) ಲೈಬ್ರರಿಗಳಲ್ಲಿವೆ. ಒಬ್ಬೊಬ್ಬರ ಮೇಜಿಗೂ ಹೋಗಿ ‘ಸಿಂಕ್’ ಗುಂಡಿ ಒತ್ತುವ ಬದಲು, ಲಾಗಿನ್ ಆದೊಡನೆ ಲೈಬ್ರರಿ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ತಾನಾಗಿ ಬಂದು ಕೂರುವಂತೆ ಮಾಡಿದ್ದು ಹೀಗೆ.

ದಾರಿ ಎರಡಿವೆ. ಮೊದಲನೆಯದು ಗ್ರೂಪ್ ಪಾಲಿಸಿಯ (ಎಲ್ಲ ಯಂತ್ರಗಳಿಗೂ ಒಂದೆಡೆಯಿಂದಲೇ ಸೆಟ್ಟಿಂಗ್ ಕೊಡುವ ವ್ಯವಸ್ಥೆ) ‘ಟೆನೆಂಟ್‌ಆಟೋಮೌಂಟ್’. ಲೈಬ್ರರಿಯ ಸಿಂಕ್ ಕಿಟಕಿಯಲ್ಲಿ ‘ಕಾಪಿ ಲೈಬ್ರರಿ ಐಡಿ’ ಒತ್ತಿ, ಸಿಕ್ಕ ಸಾಲನ್ನು ಪಾಲಿಸಿಗೆ ಅಂಟಿಸಬೇಕು. ಆ ಸಾಲಿನಲ್ಲಿ %2ಡಿ, %7ಬಿ, %3ಎ ತರಹದ ಸಂಕೇತಗಳಿರುತ್ತವೆ. ಅವನ್ನು ಗೆರೆ, ಪುಷ್ಪಾವರಣ, ಕೋಲನ್ ಆಗಿ ಬಿಡಿಸಿಯೇ ಅಂಟಿಸಬೇಕು. ಬಿಡಿಸದಿದ್ದರೆ ಎರರ್ ಬರುವುದಿಲ್ಲ, ಸಿಂಕೂ ಆಗುವುದಿಲ್ಲ. ಇನ್ನೊಂದು ತೊಂದರೆ ಕಾಯುವಿಕೆ: ಲಾಗಿನ್ ಆದ ಮೇಲೆ ಲೈಬ್ರರಿ ಕಾಣಲು 8 ಗಂಟೆವರೆಗೂ ಹಿಡಿಯಬಹುದು. ಬೆಳಿಗ್ಗೆ ಕೆಲಸಕ್ಕೆ ಸೇರಿದವರಿಗೆ ಸಂಜೆ ಫೋಲ್ಡರ್ ಸಿಕ್ಕರೆ ಏನು ಬಂತು? ಅದಕ್ಕೇ ಸ್ಕ್ರಿಪ್ಟ್.

ಎರಡನೆಯ ದಾರಿ ‘ಓಡಿಓಪನ್’ (odopen) ವಿಳಾಸ, ಅಂದರೆ ಯಂತ್ರದಲ್ಲಿ ಸಿಂಕ್ ಮಾಡುವ ಒನ್‌ಡ್ರೈವ್ ಆ್ಯಪ್‌ಗೆ ಕೆಲಸ ಹೇಳುವ ಕೊಂಡಿ. ಬ್ರೌಸರಿನ ಸಿಂಕ್ ಗುಂಡಿ ಕರೆಯುವುದೂ ಇದನ್ನೇ. ಇದಕ್ಕೆ ಸೈಟ್, ವೆಬ್, ಲಿಸ್ಟ್ ಎಂಬ ಮೂರು ಐಡಿ, ಜೊತೆಗೆ ಬಳಕೆದಾರರ ಇಮೇಲ್, ಸೈಟಿನ ವಿಳಾಸ, ಸೈಟಿನ ಹೆಸರು, ಲೈಬ್ರರಿಯ ಹೆಸರು ಬೇಕು. ಸೈಟಿನ ವಿಳಾಸದ ಕೊನೆಗೆ ‘/_api/site/id’ ಮತ್ತು ‘/_api/web/id’ ಸೇರಿಸಿ ಬ್ರೌಸರಿನಲ್ಲಿ ತೆರೆದರೆ ಮೊದಲೆರಡು ಸಿಗುತ್ತವೆ. ಮೂರನೆಯದು ಲೈಬ್ರರಿ ಸೆಟ್ಟಿಂಗ್ಸ್ ಪುಟದ ವಿಳಾಸದಲ್ಲೇ ಇದೆ. ಟೀಮ್ಸ್‌ನ ಪ್ರೈವೇಟ್ ಚಾನೆಲ್‌ಗೆ ಪ್ರತ್ಯೇಕ ಸೈಟ್ ಇರುವುದರಿಂದ ಅದರ ಐಡಿಗಳೇ ಬೇರೆ.

ಇದನ್ನು ಪವರ್‌ಶೆಲ್‌ನಲ್ಲೇ (ವಿಂಡೋಸ್‌ನ ಸ್ಕ್ರಿಪ್ಟ್ ಭಾಷೆ) ಬರೆಯಿರಿ, ಬ್ಯಾಚ್ ಫೈಲ್ ಬೇಡ. ಬ್ಯಾಚ್‌ನಲ್ಲಿ %7 ಎಂದರೆ ಏಳನೆಯ ಆರ್ಗ್ಯುಮೆಂಟ್. %7ಬಿ ಎಂದು ಬರೆದ ಆವರಣ ಅಲ್ಲೇ ಕರಗಿ ಬರೀ ‘ಬಿ’ ಉಳಿಯುತ್ತದೆ. ಲೈಬ್ರರಿಗೆ ‘ಕಬ್ಬು ಲೆಕ್ಕ’ ಎಂದು ಕನ್ನಡ ಹೆಸರಿಟ್ಟಿದ್ದರೆ ಇನ್ನೊಂದು ಎಚ್ಚರ: ಪವರ್‌ಶೆಲ್ 5.1ಕ್ಕೆ ಸ್ಕ್ರಿಪ್ಟನ್ನು ‘ಯುಟಿಎಫ್-8 ವಿತ್ ಬಿಒಎಂ’ (ಫೈಲಿನ ಆರಂಭದಲ್ಲಿ ಎನ್‌ಕೋಡಿಂಗ್ ಗುರುತು) ಆಗಿ ಉಳಿಸಬೇಕು. ಬಿಒಎಂ ಇಲ್ಲದಿದ್ದರೆ ಕನ್ನಡ ಅಕ್ಷರಗಳು ಚೆಲ್ಲಾಪಿಲ್ಲಿ. ಹೆಸರನ್ನು ವಿಳಾಸಕ್ಕೆ ಸೇರಿಸುವಾಗ ‘ಎಸ್ಕೇಪ್‌ಡೇಟಾಸ್ಟ್ರಿಂಗ್’ ಬಳಸಿ, ಅದು ಅಕ್ಷರಗಳನ್ನು % ಸಂಕೇತಗಳಾಗಿ ಬದಲಿಸುತ್ತದೆ.

ಹೆಚ್ಚು ಕೈಕೊಡುವುದು ಮಾತ್ರ ಸ್ಕ್ರಿಪ್ಟ್ ಯಾರ ಹೆಸರಲ್ಲಿ, ಯಾವಾಗ ಓಡುತ್ತದೆ ಎಂಬಲ್ಲಿ. ಸಿಸ್ಟಮ್ ಖಾತೆಯಲ್ಲಿ ಓಡಿಸಿದರೆ ಬಳಕೆದಾರರ ಒನ್‌ಡ್ರೈವ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಪೂರ್ಣ ಅಡ್ಮಿನ್ ಹಕ್ಕಿನಲ್ಲಿ ಓಡಿಸಿದರೆ ಒನ್‌ಡ್ರೈವ್ ಏಳುವುದೇ ಇಲ್ಲ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಲಾಗಿನ್ ಟ್ರಿಗರ್ ಕೊಟ್ಟು, ‘ಯೂಸರ್ಸ್’ ಗುಂಪಿನ ಹೆಸರಲ್ಲಿ, ಹೆಚ್ಚುವರಿ ಹಕ್ಕಿಲ್ಲದೆ ಓಡಿಸಿ. ಇಂಟ್ಯೂನ್ (ಮೈಕ್ರೋಸಾಫ್ಟ್‌ನ ಯಂತ್ರ ನಿರ್ವಹಣಾ ಸೇವೆ) ಆದರೆ ಲಾಗಿನ್ ಆದವರ ಗುರುತಿನಲ್ಲಿ ಓಡಿಸುವ ಆಯ್ಕೆಯನ್ನು ‘ಯೆಸ್’ ಮಾಡಿ.

ಓಡಿದ ಕೂಡಲೇ ವಿಳಾಸ ಕರೆಯಬಾರದು, ಕಾಯಬೇಕು. ನನ್ನ ಸ್ಕ್ರಿಪ್ಟ್ ಪ್ರತಿ 15 ಸೆಕೆಂಡಿಗೊಮ್ಮೆ ಎರಡು ವಿಷಯ ನೋಡುತ್ತದೆ: ಒನ್‌ಡ್ರೈವ್ ಪ್ರೋಸೆಸ್ ಎದ್ದಿದೆಯೇ, ಬಳಕೆದಾರರ ರಿಜಿಸ್ಟ್ರಿಯ (ವಿಂಡೋಸ್ ಸೆಟ್ಟಿಂಗ್‌ಗಳ ದಾಖಲೆ) ಒನ್‌ಡ್ರೈವ್ ಅಕೌಂಟ್ಸ್ ಕೆಳಗಿನ ‘ಬಿಸಿನೆಸ್1’ ಕೀಲಿಯಲ್ಲಿ ‘ಯೂಸರ್‌ಇಮೇಲ್’ ತುಂಬಿದೆಯೇ. ಹತ್ತು ನಿಮಿಷ ಕಾದರೂ ಇಲ್ಲವಾದರೆ ಲಾಗ್ ಬರೆದು ಸುಮ್ಮನಾಗುತ್ತದೆ. ಇಮೇಲನ್ನೂ ಅಲ್ಲಿಂದಲೇ ಎತ್ತಿಕೊಳ್ಳಿ. ಊಹೆಯಲ್ಲಿ ಜೋಡಿಸಿದ ಇಮೇಲ್ ವಿಳಾಸ ಒಂದಕ್ಷರ ತಪ್ಪಿದರೂ ಸೈನ್-ಇನ್ ಕಿಟಕಿ ಎದುರಿಗೆ ಬರುತ್ತದೆ. ಇಷ್ಟಕ್ಕೂ ಮುಂಚೆ ಪಾಲಿಸಿಯಲ್ಲಿ ‘ಸೈಲೆಂಟ್‌ಅಕೌಂಟ್‌ಕಾನ್ಫಿಗ್’ ಮತ್ತು ‘ಫೈಲ್ಸ್‌ಆನ್‌ಡಿಮಾಂಡ್‌ಎನೇಬಲ್ಡ್’ ಎರಡನ್ನೂ 1 ಮಾಡಿರಬೇಕು. ಎರಡನೆಯದು (ತೆರೆದಾಗಷ್ಟೇ ಫೈಲ್ ಇಳಿಸುವ ಸೌಲಭ್ಯ) ಆಫ್ ಆಗಿದ್ದರೆ ಬೆಳಿಗ್ಗೆ ಎಲ್ಲ ಯಂತ್ರಗಳೂ ಇಡೀ ಲೈಬ್ರರಿಯನ್ನು ಒಟ್ಟಿಗೆ ಇಳಿಸಿಕೊಳ್ಳಲು ಹೊರಟು ಶಾಖೆಯ ಇಂಟರ್ನೆಟ್ ಸೊರಗುತ್ತದೆ.

ಓಡಿಓಪನ್ ಕರೆಗೆ ಉತ್ತರ ಬರುವುದಿಲ್ಲ, ಆಯಿತೋ ಇಲ್ಲವೋ ನಾವೇ ನೋಡಿಕೊಳ್ಳಬೇಕು. ಬಳಕೆದಾರರ ರಿಜಿಸ್ಟ್ರಿಯಲ್ಲಿ ‘ಸಿಂಕ್‌ಎಂಜಿನ್ಸ್’, ‘ಪ್ರೊವೈಡರ್ಸ್’, ‘ಒನ್‌ಡ್ರೈವ್’ ಎಂದು ಇಳಿದರೆ ಪ್ರತಿ ಲೈಬ್ರರಿಗೊಂದು ಕೀಲಿ, ಅದರಲ್ಲಿ ‘ಯುಆರ್‌ಎಲ್‌ನೇಮ್‌ಸ್ಪೇಸ್’ ಮತ್ತು ‘ಮೌಂಟ್‌ಪಾಯಿಂಟ್’. ವಿಳಾಸ ಅಲ್ಲಿ ಆಗಲೇ ಇದ್ದರೆ ಸ್ಕ್ರಿಪ್ಟ್ ಆ ಲೈಬ್ರರಿಯನ್ನು ಬಿಟ್ಟು ಮುಂದೆ ಹೋಗಲಿ. ಹಲವು ಲೈಬ್ರರಿಗಳಿದ್ದರೆ ಒಂದರ ಕೀಲಿ ಕಂಡ ಮೇಲಷ್ಟೇ ಇನ್ನೊಂದನ್ನು ಕರೆಯಿರಿ. ನಡುವೆ 30 ಸೆಕೆಂಡ್ ಬಿಡುವುದು ನನ್ನ ರೂಢಿ.

ಸಿಂಕ್ ಆದ ಫೈಲುಗಳು ಓದಲಷ್ಟೇ ಬರುತ್ತಿದ್ದರೆ ಲೈಬ್ರರಿಯಲ್ಲಿ ಕಡ್ಡಾಯ ಚೆಕ್‌ಔಟ್ ಅಥವಾ ಕಡ್ಡಾಯ ಕಾಲಂ ಇದೆಯೇ ನೋಡಿ. ಅದೇ ಲೈಬ್ರರಿಗೆ ಯಾರಾದರೂ ಮೊದಲೇ ‘ಆ್ಯಡ್ ಶಾರ್ಟ್‌ಕಟ್’ ಹಾಕಿಕೊಂಡಿದ್ದರೆ ಸಿಂಕ್ ತಕರಾರು ಮಾಡುತ್ತದೆ, ಶಾರ್ಟ್‌ಕಟ್ ತೆಗೆಸಿ.

ಗಾತ್ರದ ಲೆಕ್ಕವೂ ಇರಲಿ. ಪಾಲಿಸಿ ದಾರಿಗೆ ಒಂದು ಲೈಬ್ರರಿಯಲ್ಲಿ 5,000 ಫೈಲು-ಫೋಲ್ಡರ್, 1,000 ಯಂತ್ರ ಎಂಬ ಮಿತಿ ಇದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ತೂಕದ ಚೀಟಿಗಳೇ ಅದನ್ನು ದಾಟಿಬಿಡುತ್ತವೆ, ಹಾಗಾಗಿ ಹಂಗಾಮಿಗೊಂದು ಲೈಬ್ರರಿ ಮಾಡಿದ್ದೇನೆ. ಸ್ಕ್ರಿಪ್ಟ್ ದಾರಿಯಲ್ಲೂ ಒಬ್ಬರಿಗೆ ಎಲ್ಲ ಲೈಬ್ರರಿ ಸೇರಿ 3 ಲಕ್ಷ ಫೈಲು ಮೀರಿದರೆ ಒನ್‌ಡ್ರೈವ್ ಏದುಸಿರು ಬಿಡುತ್ತದೆ.

ಹಂಗಾಮು ಮುಗಿದು ಹಳೆಯ ಲೈಬ್ರರಿಯನ್ನು ಸ್ಕ್ರಿಪ್ಟಿನ ಪಟ್ಟಿಯಿಂದ ತೆಗೆದ ಮಾತ್ರಕ್ಕೆ ಸಿಂಕ್ ನಿಲ್ಲುವುದಿಲ್ಲ. ಪ್ರತಿ ಯಂತ್ರದಲ್ಲೂ ಒನ್‌ಡ್ರೈವ್ ಸೆಟ್ಟಿಂಗ್ಸ್‌ಗೆ ಹೋಗಿ ‘ಸ್ಟಾಪ್ ಸಿಂಕ್’ ಒತ್ತಲೇಬೇಕು.