ಭಯವನ್ನು ಹೆಸರಿಟ್ಟು ದೇವರ ಮುಂದಿಡುವುದು: ನಾನು ಅನುಸರಿಸುವ ಕ್ರಮ

ಹೆದರಿದವರಿಗೆ "ವಿಶ್ವಾಸ ಇಡಿ, ಭಯಪಡಬೇಡಿ" ಎಂದಷ್ಟೇ ಹೇಳಿ ಎದ್ದುಬಂದರೆ ಅವರ ಭಾರ ಇಳಿಯುವುದಿಲ್ಲ, ಹೆಚ್ಚುತ್ತದೆ. ಭಯವಂತೂ ಇದ್ದೇ ಇದೆ, ಅದರ ಮೇಲೆ "ನನಗೆ ನಂಬಿಕೆ ಸಾಲದು" ಎಂಬ ಕೊರಗು. ಮಂಡ್ಯದ ಸುತ್ತಮುತ್ತ ಮನೆ ಪ್ರಾರ್ಥನೆಗೆ ಹೋದಾಗ ನಾನು ಮೊದಲು ಬಿಡಿಸುವ ಗಂಟು ಇದೇ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಸಾಯುವಷ್ಟು ಸಂಕಟಪಟ್ಟರು, ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದರು (ಮತ್ತಾಯ 26). ಹೊರಗೆ ಜಗಳ, ಒಳಗೆ ಭಯ ಎಂದು ಯೇಸುವಿನ ಸಂದೇಶ ಸಾರಿದ ಪೌಲನೇ ಬರೆದುಕೊಂಡಿದ್ದಾನೆ (2 ಕೊರಿಂಥ 7:5). ಆದ್ದರಿಂದ ಭಯ ಬರುವುದು ಪಾಪವಲ್ಲ. ಅದು ಹೇಳಿದಂತೆ ನಡೆಯುವುದು ನಿಂತರೆ ಅದನ್ನೇ ನಾನು ಬಿಡುಗಡೆ ಎನ್ನುತ್ತೇನೆ.

ನನ್ನ ಕ್ರಮಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಸತ್ಯವೇದ, ಇಪ್ಪತ್ತು ನಿಮಿಷ. ಸಂಜೆ ಊಟಕ್ಕೆ ಮುಂಚೆ ಕೂತರೆ ಒಳ್ಳೆಯದು. ಮಲಗುವ ಹೊತ್ತಿಗೆ ಬರೆಯಲು ಶುರುಮಾಡಿದರೆ ನಿದ್ದೆ ಹಾರಿಹೋಗುತ್ತದೆ.

ಪುಟದ ಮೇಲೆ ದಿನಾಂಕ, ಕೆಳಗೆ ನಾಲ್ಕು ಸಾಲು. ಮೊದಲ ಸಾಲು ಭಯದ್ದು, ಮನೆಯಲ್ಲಿ ಮಾತಾಡುವ ಭಾಷೆಯಲ್ಲೇ. "ಭವಿಷ್ಯದ ಭಯ" ಎಂದು ಬರೆದರೆ ಪ್ರಯೋಜನವಿಲ್ಲ. "ಕಬ್ಬಿನ ದುಡ್ಡು ಮಾರ್ಚ್ ಒಳಗೆ ಬರದಿದ್ರೆ ಸೊಸೈಟಿ ಕಂತು ತಪ್ಪುತ್ತೆ, ಊರಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗಲ್ಲ" ಎಂದು ಬರೆಯಬೇಕು. ಬರೆದದ್ದನ್ನು ನೋಡಿ: ಅಲ್ಲಿರುವುದು ಒಂದು ಭಯವಲ್ಲ, ಎರಡು. ಮೊದಲರ್ಧ ದುಡ್ಡಿನದು, ಉಳಿದರ್ಧ ಮಾನದ್ದು. ನಮ್ಮ ಕಡೆ ಬಹಳ ಸಲ ಎರಡನೆಯದೇ ಜೀವ ಹಿಂಡುತ್ತಿರುತ್ತದೆ. ಎರಡಕ್ಕೂ ಬೇರೆ ಬೇರೆ ಪುಟ ಮಾಡಿ. ದುಡ್ಡಿನ ಭಯಕ್ಕೆ ಪ್ರಾರ್ಥನೆಯ ಜೊತೆ ಮಾಡಬೇಕಾದ ಕೆಲಸವೂ ಇರುತ್ತದೆ. ಮಾನದ ಭಯಕ್ಕೆ 1 ಯೋಹಾನ 4:18 ಸರಿಯಾದ ವಚನ. ಭಯದ ಬೇರು ಶಿಕ್ಷೆಯ ನಿರೀಕ್ಷೆಯಲ್ಲಿದೆ, ತುಂಬುಪ್ರೀತಿ ಅದನ್ನು ಹೊರಗೆ ಹಾಕುತ್ತದೆ ಎನ್ನುತ್ತದೆ ಅದು. ಊರು ಏನೆಂದರೂ ದೇವರು ನನ್ನನ್ನು ತಳ್ಳುವುದಿಲ್ಲ ಎಂಬುದು ಮನಸ್ಸಿಗೆ ಇಳಿಯಬೇಕಾದ ಜಾಗ ಇದು. ಒಂದೇ ದಿನಕ್ಕೆ ಇಳಿಯುವುದಿಲ್ಲ.

ಎರಡನೇ ಸಾಲು ಬೇಡಿಕೆ: "ಸ್ವಾಮೀ, ಕಂತು ಕಟ್ಟೋ ದಾರಿ ತೋರಿಸು." ಅಲಂಕಾರ ಬೇಡ. ಮೂರನೇ ಸಾಲು ಆ ದಿನ ಸಿಕ್ಕ ಒಂದು ಒಳ್ಳೆಯದಕ್ಕೆ ವಂದನೆ. ನಾಲೆಗೆ ನೀರು ಬಂದದ್ದಾದರೂ ಸರಿ, ಮಗುವಿನ ಜ್ವರ ಇಳಿದದ್ದಾದರೂ ಸರಿ. ಬೇಡಿಕೆಯ ಜೊತೆ ಕೃತಜ್ಞತೆಯನ್ನೂ ಸೇರಿಸಿ ಎಂದು ಫಿಲಿಪ್ಪಿ 4:6 ಹೇಳುವುದು ಇದಕ್ಕೇ. ಫಿಲಿಪ್ಪಿಯವರಿಗೆ ಆ ಪತ್ರ ಬರೆದಾಗ ಪೌಲ ಸೆರೆಯಲ್ಲಿದ್ದ. ಚಿಂತೆ ಮಾಡಬೇಡಿ ಎಂಬ ಆ ವಚನವನ್ನು ಮಾತ್ರ ಕಿತ್ತುಕೊಂಡು ಓದುವವರು ಹಿಂದಿನ ವಚನವನ್ನು ಬಿಟ್ಟುಬಿಡುತ್ತಾರೆ. ಕರ್ತನು ಹತ್ತಿರದಲ್ಲಿದ್ದಾನೆ ಎಂಬ ಮಾತು ಮೊದಲು ಬರುತ್ತದೆ, ಚಿಂತೆ ಬಿಡುವ ಮಾತು ಆಮೇಲೆ. ಎರಡನ್ನೂ ಸೇರಿಸಿ ಓದಿ.

ನಾಲ್ಕನೇ ಸಾಲು ನಾಳೆ ಅರ್ಧ ಗಂಟೆಯಲ್ಲಿ ಮುಗಿಯುವ ಒಂದು ಕೆಲಸ: ಗಡುವಿಗೆ ಮುಂಚೆಯೇ ಸೊಸೈಟಿ ಕಾರ್ಯದರ್ಶಿಯನ್ನು ಕಂಡು ಮಾತಾಡುವುದು. ಈ ಸಾಲು ಖಾಲಿ ಬಿಟ್ಟರೆ ಪ್ರಾರ್ಥನೆ ಬರೀ ಗೋಳಾಗುವ ಅಪಾಯವಿದೆ.

ನಂತರ ಸತ್ಯವೇದದ 56ನೇ ಕೀರ್ತನೆಯನ್ನು ಬಾಯಿಬಿಟ್ಟು ಓದಿ. ಮನಸ್ಸಿನಲ್ಲೇ ಓದಿದರೆ ಕಣ್ಣು ಸಾಲಿನಿಂದ ಸಾಲಿಗೆ ಹೋಗುತ್ತದೆ, ಮನಸ್ಸು ಸಾಲದ ಹತ್ತಿರವೇ ನಿಂತಿರುತ್ತದೆ. ಶತ್ರುಗಳಾದ ಫಿಲಿಷ್ಟಿಯರು ದಾವೀದನನ್ನು ಗತ್ ಊರಿನಲ್ಲಿ ಹಿಡಿದಾಗಿನ ಕೀರ್ತನೆ ಅದು. 3ನೇ ವಚನದಲ್ಲಿ ಭಯವಾದಾಗ ನಿನ್ನನ್ನು ನಂಬುತ್ತೇನೆ ಎನ್ನುತ್ತಾನೆ, 4ರಲ್ಲಿ ಹೆದರುವುದಿಲ್ಲ ಎನ್ನುತ್ತಾನೆ. ಭಯ ಪೂರ್ತಿ ಹೋಗಲಿ, ಆಮೇಲೆ ನಂಬುತ್ತೇನೆ ಎಂದು ಅವನು ಕಾಯಲಿಲ್ಲ.

ಎದೆ ಡವಗುಟ್ಟಿ, ಬೆವರು ಕಿತ್ತು, ಉಸಿರು ಸಾಲದಂತಾಗುವ ಭಯ ಬೇರೆ ಥರದ್ದು. ಅದು ಮೊದಲ ಸಲ ಬಂದಾಗ, ಅದರಲ್ಲೂ ಎದೆನೋವಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಹೃದಯಕ್ಕೇನೂ ಇಲ್ಲ, ಗಾಬರಿ ಎಂದು ವೈದ್ಯರು ಹೇಳಿದ ಮೇಲೆ ಮುಂದಿನ ಸಲ ಹೀಗೆ ಮಾಡಿ: ಕಾಲು ನೆಲಕ್ಕೂರಿ ಕೂತು, ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆಯುತ್ತಾ "ಯೇಸುವೇ", ಆರು ಎಣಿಸುವಷ್ಟು ಹೊತ್ತು ಬಿಡುತ್ತಾ "ನನ್ನ ಜೊತೆಗಿರು". ನಿಮಿಷಕ್ಕೆ ಸುಮಾರು ಆರು ಉಸಿರು. ಜೋರಾಗಿ, ಬೇಗ ಬೇಗ ಉಸಿರೆಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ, ಗಾಬರಿ ಇನ್ನೂ ಏರುತ್ತದೆ. ಆ ಹೊತ್ತಿನಲ್ಲಿ ಉದ್ದನೆಯ ಪ್ರಾರ್ಥನೆ ಸಾಧ್ಯವಿಲ್ಲ, ಅದಕ್ಕೆ ಪ್ರಯತ್ನಿಸುವುದೂ ಬೇಡ. ಗಾಬರಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿ ಮುಟ್ಟಿ ಇಳಿಯತೊಡಗುತ್ತದೆ.

ಎಡವುವ ಜಾಗಗಳನ್ನೂ ಹೇಳಬೇಕು. ವಚನವನ್ನು ತಾಯತದ ಹಾಗೆ ಬಳಸುವುದು ಒಂದು. ಮಾಟದ ಭಯದಲ್ಲಿ ಬೆಳೆದವರು ನಿಂಬೆಹಣ್ಣು ತೆಗೆದು ಆ ಜಾಗದಲ್ಲಿ ಶಿಲುಬೆ ಕಟ್ಟುತ್ತಾರೆ. ಶಿಲುಬೆ ಬಿದ್ದುಹೋದ ದಿನ ಮತ್ತೆ ನಡುಕ. ಶಿಲುಬೆ ನೋಡಿದಾಗ ಯಾರ ಜೊತೆ ಮಾತಾಡಬೇಕೆಂಬುದು ನೆನಪಾದರೆ ಮಾತ್ರ ಅದು ಗೋಡೆಯ ಮೇಲಿರುವುದಕ್ಕೆ ಅರ್ಥ. ಹರಕೆಯೂ ಹಾಗೆಯೇ. ದೋರನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ಕೃತಜ್ಞತೆಯಿಂದ ಹೋಗುವುದು ಚೆನ್ನ. "ಇದು ಕೊಟ್ಟರೆ ಅದು ಕೊಡುತ್ತೇನೆ" ಎಂಬ ವ್ಯವಹಾರವಾದರೆ, ಹರಕೆ ತೀರಿಸದಿದ್ದರೆ ಏನಾಗುತ್ತದೋ ಎಂಬ ಹೊಸ ಭಯ ಹುಟ್ಟುತ್ತದೆ.

ಇನ್ನೊಂದು, ನಿಜವಾದ ಅಪಾಯವನ್ನೂ ಅಲ್ಲಗಳೆಯುವುದು. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುವ ಸೀಮೆ ನಮ್ಮದು. 2022ರ ಕೊನೆಯಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಜೀವಗಳೇ ಹೋದವು. ದೇವರು ಅಪಾಯದಿಂದ ಕಾಯುತ್ತಾನೆ ಎನ್ನುವ 91ನೇ ಕೀರ್ತನೆ ಹೇಳಿಕೊಂಡು ಕತ್ತಲಲ್ಲಿ ಒಬ್ಬರೇ ಗದ್ದೆಗೆ ಇಳಿಯುವುದನ್ನು ನಾನು ನಂಬಿಕೆ ಎನ್ನುವುದಿಲ್ಲ. ದೇವಾಲಯದ ತುದಿಯಿಂದ ಧುಮುಕು ಎಂದು ಸೈತಾನನು ಯೇಸುವಿಗೆ ಹೇಳಿದ್ದು ಅದೇ ಕೀರ್ತನೆಯನ್ನು ಎತ್ತಿಕೊಂಡೇ. ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಉತ್ತರಿಸಿದರು (ಮತ್ತಾಯ 4). ಟಾರ್ಚು, ಜೊತೆಗೆ ಇಬ್ಬರು, ಅರಣ್ಯ ಇಲಾಖೆಗೆ ಫೋನು, ಇವೆಲ್ಲ ಪ್ರಾರ್ಥನೆಯ ಜೊತೆ ಹೋಗುವಂಥವು.

ರಾತ್ರಿಗೆ ನಾಲ್ಕನೇ ಕೀರ್ತನೆ ಸಾಕು. ನೆಮ್ಮದಿಯಿಂದ ಮಲಗುವ ಮಾತು ಅದರ ಕಡೇ ವಚನದಲ್ಲಿದೆ.

ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋದರೆ, ಸಾಯುವ ಯೋಚನೆ ಬಂದರೆ, ನೋಟ್‌ಬುಕ್ಕು ಸಾಲದು. ಪ್ರವಾದಿ ಎಲೀಯ ರಾಣಿ ಈಜೆಬೆಲಳಿಗೆ ಹೆದರಿ ಓಡಿಹೋಗಿ ಸಾವು ಬೇಡಿದಾಗ ದೇವದೂತ ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ನಡುವೆ ಮಲಗಲು ಬಿಟ್ಟ (1 ಅರಸು 19). ವೈದ್ಯರೂ ಮಾತ್ರೆಯೂ ಆ ರೊಟ್ಟಿಯ ಸಾಲಿಗೇ ಸೇರಿದವು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪ್ರಾರ್ಥನೆ ಮಾಡಿಸಿದ ಮೇಲೆ ಮಾತ್ರೆ ನಿಲ್ಲಿಸಿ ಎಂದು ಯಾರೇ ಹೇಳಿದರೂ ಕೇಳಬೇಡಿ. ಕೆಲವು ಮಾತ್ರೆಗಳನ್ನು ಹಠಾತ್ತನೆ ಬಿಟ್ಟರೆ ಗಾಬರಿ ಮರುಕಳಿಸುತ್ತದೆ. ಬಿಡುವುದಾದರೆ ಬರೆದುಕೊಟ್ಟ ವೈದ್ಯರೇ ಹಂತಹಂತವಾಗಿ ಬಿಡಿಸಬೇಕು.

ತಿಂಗಳಿಗೊಮ್ಮೆ ಹಳೆಯ ಪುಟಗಳನ್ನು ಫಾದರ್ ಅಥವಾ ಪಾಸ್ಟರ್ ಜೊತೆಗೋ ನಂಬಿಕಸ್ಥ ಅಕ್ಕನ ಜೊತೆಗೋ ಕೂತು ಓದಿ. ನಡೆಯದೇ ಹೋದ ಭಯಗಳ ಪಕ್ಕದಲ್ಲಿ ಒಂದು ಗೆರೆ ಎಳೆಯಿರಿ. ನಡೆದೇಹೋದ ಭಯಗಳ ಪಕ್ಕದಲ್ಲಿ, ಆ ದಿನಗಳಲ್ಲಿ ಯಾರು ಬಂದು ಜೊತೆಗೆ ನಿಂತರು ಎಂದು ಬರೆದಿಡಿ. ಮುಂದಿನ ತಿಂಗಳ ಮೂರನೇ ಸಾಲಿಗೆ ಆ ಹೆಸರುಗಳು ಬೇಕಾಗುತ್ತವೆ.