ಬೀಳದ ಎಂಸಿಬಿ ಕೇಳಿದವರ ಮನೆಯಲ್ಲಿ

ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆಗೆ ಹೊಸ ವಿದ್ಯುತ್ ಸಂಪರ್ಕದ ಕೆಲಸ ಒಪ್ಪಿಕೊಂಡಿದ್ದೆ. ಸಿಂಗಲ್ ಫೇಸ್, ಮಂಜೂರಾದ ಲೋಡ್ 5 ಕಿಲೋವ್ಯಾಟ್. ಮನೆಯ ಯಜಮಾನರು ಮೊದಲೇ ಹೇಳಿಬಿಟ್ಟರು: “ಒಂದು 63 ಆಂಪಿಯರಿನ ಎಂಸಿಬಿ ಹಾಕಿಬಿಡಿ ಮಾರಾಯರೇ, ಪದೇ ಪದೇ ಬೀಳುವುದು ಬೇಡ.”

ಬೀಳದ ಎಂಸಿಬಿ ಬೇಕೆನ್ನುವವರು ನನಗೆ ಹೊಸಬರಲ್ಲ. ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಸಂಪರ್ಕ ಕತ್ತರಿಸುವ ಸ್ವಿಚ್ಚು ಅದು; ಬೀಳುವುದೇ ಅದರ ಕೆಲಸ. 5,000 ವ್ಯಾಟನ್ನು 230ರಿಂದ ಭಾಗಿಸಿದರೆ ಸುಮಾರು 22 ಆಂಪಿಯರ್. ಮೀಟರಿನಿಂದ ಡಿಬಿಗೆ, ಅಂದರೆ ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆಗೆ, ಎಳೆದದ್ದು 6 ಚದರ ಮಿಲಿಮೀಟರಿನ ತಾಮ್ರದ ವೈರು. 63 ಹಾಕಿದರೆ ಎಂಸಿಬಿ ಬೀಳುವ ಮೊದಲು ಪೈಪಿನೊಳಗೆ ವೈರೇ ಬೇಯುತ್ತದೆ. ಇಲ್ಲವೇ ಕಂಬದ ಫ್ಯೂಸ್ ಹೋಗಿ, ಸುರಿಯುವ ಮಳೆಯಲ್ಲಿ ಲೈನ್‌ಮನ್ನಿಗೆ ಕಾಯಬೇಕು. ಮೇನ್‌ಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ 32 ಆಂಪಿಯರಿನ ಡಬಲ್ ಪೋಲ್ ಹಾಕಿದೆ. ಟಿಸಿ (ಟ್ರಾನ್ಸ್‌ಫಾರ್ಮರ್) ದೂರವಿದ್ದುದರಿಂದ ಶಾರ್ಟ್ ಸರ್ಕ್ಯೂಟಿನಲ್ಲಿ 6 ಕಿಲೋ ಆಂಪಿಯರ್ ತಡೆಯುವ ಎಂಸಿಬಿ ಸಾಕಾಯಿತು. ಪೇಟೆಯಲ್ಲಿ 250 ಕೆವಿಎ ಟಿಸಿಯ ಬುಡದ ಅಂಗಡಿಯಾಗಿದ್ದರೆ 10ಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ದೀಪಗಳಿಗೆ ಬೇಗ ಬೀಳುವ ಬಿ ಮಾದರಿ, ಬಾವಿಯ ಪಂಪಿಗೆ ಸ್ವಲ್ಪ ತಾಳುವ ಸಿ ಮಾದರಿ: ಮೋಟಾರು ಹೊರಡುವಾಗ ಎಳೆಯುವ ಕರೆಂಟಿಗೆ ಬಿ ಸುಮ್ಮನೆ ಬಿದ್ದುಬಿಡುತ್ತದೆ.

ತಲೆನೋವಾದದ್ದು ಅರ್ಥಿಂಗ್. ಅಲ್ಲಿಯದು ಜಂಬಿಟ್ಟಿಗೆ ಮಣ್ಣು. ಏಪ್ರಿಲ್‌ನಲ್ಲಿ ಅರ್ಥ್ ಟೆಸ್ಟರ್ ಇಟ್ಟು ನೋಡಿದರೆ 28 ಓಮ್. ಅಂದರೆ ಫೇಸ್ ವೈರು ಗೀಸರಿನ ಮೈಗೆ ತಗುಲಿದರೂ ಭೂಮಿಗೆ ಹರಿಯುವುದು 8 ಆಂಪಿಯರಿನಷ್ಟೇ. 16ರ ಎಂಸಿಬಿಗೆ ಅದು ಎರಡು ಇಸ್ತ್ರಿಪೆಟ್ಟಿಗೆ ಹಾಕಿದಂತೆ, ಗಮನಕ್ಕೇ ಬರುವುದಿಲ್ಲ. ಗೀಸರ್ ಮುಟ್ಟಿದವರ ಗತಿ ಬೇರೆ. ದೂರದಲ್ಲಿ ಇನ್ನೊಂದು ಗುಂಡಿ ತೆಗೆಸಿ ಎರಡನ್ನೂ ಜೋಡಿಸಿದ ಮೇಲೆ 12 ಓಮ್‌ಗೆ ಇಳಿಯಿತು. ಆಗಲೂ 19 ಆಂಪಿಯರ್ ದಾಟುವುದಿಲ್ಲ. 16ರ ಬಿ ಎಂಸಿಬಿ ಥಟ್ಟನೆ ಬೀಳಲು 48ರಿಂದ 80 ಆಂಪಿಯರ್ ಬೇಕು. ಇಂಥ ಮಣ್ಣಿನಲ್ಲಿ ಜೀವ ಉಳಿಸುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮಾತ್ರ: ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳದೆ ಸೋರಿದರೆ ಬೀಳುವ ಸ್ವಿಚ್ಚು.

ಒಂದರ ಬದಲು ಎರಡು ಹಾಕಿದೆ, 40 ಆಂಪಿಯರಿನವು. ಒಂದರಲ್ಲಿ ದೀಪ, ಫ್ರಿಜ್. ಇನ್ನೊಂದರಲ್ಲಿ ಗೀಸರ್, ಪಂಪು, ವಾಷಿಂಗ್ ಮಷೀನು. ಬಚ್ಚಲಲ್ಲಿ ಸೋರಿಕೆಯಾದರೆ ಅಡುಗೆಮನೆ ಕತ್ತಲಾಗಬಾರದಲ್ಲ. ವಾಷಿಂಗ್ ಮಷೀನಿನಲ್ಲಿ ಇನ್ವರ್ಟರ್ ಮೋಟಾರು ಇದ್ದುದರಿಂದ ಆ ಕಡೆಗೆ ಎ ಮಾದರಿಯ ಆರ್‌ಸಿಸಿಬಿಯನ್ನೇ ಹುಡುಕಿ ತಂದೆ. ಎಸಿ ಮಾದರಿ ಅಗ್ಗ, ಆದರೆ ಇಂಥ ಮಷೀನಿನ ಸೋರಿಕೆ ಅದಕ್ಕೆ ಸರಿಯಾಗಿ ಕಾಣದೇ ಹೋಗಬಹುದು.

ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ, ಲೈನಿನಲ್ಲಿ ನುಗ್ಗುವ ಹೆಚ್ಚಿನ ವೋಲ್ಟೇಜನ್ನು ಭೂಮಿಗೆ ಇಳಿಸುವ ಸರ್ಜ್ ಅರೆಸ್ಟರ್ ಒಂದನ್ನು ಆರ್‌ಸಿಸಿಬಿಗಿಂತ ಮೊದಲೇ ಕೂರಿಸಿದೆ. ಅದರ ವೈರು ಅರ್ಧ ಮೀಟರಿಗಿಂತ ಉದ್ದ ಇರಬಾರದು. ಅಂದಕ್ಕೆಂದು ಸುತ್ತಿ ಬಳಸಿ ಎಳೆದವರ ಕೆಲಸ ಎಷ್ಟೋ ಕಡೆ ನೋಡಿದ್ದೇನೆ.

ಜೂನ್‌ನಲ್ಲಿ ಒಂದು ರಾತ್ರಿ ಫೋನ್ ಬಂತು. “ನಿಮ್ಮದು ಬಿದ್ದಿದೆ, ನಿಲ್ಲುತ್ತಲೇ ಇಲ್ಲ. ತೆಗೆದುಬಿಡಲೇ?” ಮುಟ್ಟಬೇಡಿ ಎಂದು ಹೇಳಿ ಬೆಳಗ್ಗೆ ಹೋದೆ. ಒಂದೊಂದೇ ಎಂಸಿಬಿ ಇಳಿಸಿ ನೋಡಿದೆ. ಗೀಸರಿನದನ್ನು ಇಳಿಸಿದರೂ ಆರ್‌ಸಿಸಿಬಿ ನಿಲ್ಲಲಿಲ್ಲ, ಪಂಪು ಶುರುವಾದ ಕೂಡಲೇ ಬೀಳುತ್ತಿತ್ತು. ಅರ್ಧ ಗಂಟೆ ಪಂಪಿನ ಮೇಲೆ ಅನುಮಾನಪಟ್ಟೆ. ತಪ್ಪು ನನ್ನದೇ ಆಗಿತ್ತು: ಗೀಸರಿಗೆ ಸಿಂಗಲ್ ಪೋಲ್ ಎಂಸಿಬಿ ಹಾಕಿದ್ದೆ. ಅದು ಫೇಸ್ ಕತ್ತರಿಸುತ್ತಿತ್ತು, ನ್ಯೂಟ್ರಲ್ ಹಾಗೇ ಉಳಿಯುತ್ತಿತ್ತು; ಒಡೆದ ಎಲಿಮೆಂಟಿನಿಂದ ನ್ಯೂಟ್ರಲ್ ನೀರಿನ ಮೂಲಕ ಅರ್ಥ್ ಸೇರಿ, ಪಂಪಿನ ಕರೆಂಟಿನಲ್ಲಿ ಒಂದು ಪಾಲು ಆ ದಾರಿ ಹಿಡಿಯುತ್ತಿತ್ತು. ಗೀಸರಿನ ಪ್ಲಗ್ ಕಿತ್ತೊಡನೆ ಎಲ್ಲ ನಿಂತಿತು.

ಅಂದೇ ಪೇಟೆಗೆ ಹೋಗಿ ಡಬಲ್ ಪೋಲ್ ತಂದು ನನ್ನ ಖರ್ಚಿನಲ್ಲೇ ಬದಲಾಯಿಸಿದೆ. ಸೀಳಿದ ಎಲಿಮೆಂಟನ್ನು ಯಜಮಾನರು ತಿರುಗಿಸಿ ತಿರುಗಿಸಿ ನೋಡಿದರು. 63ರ ಮಾತು ಎತ್ತಲಿಲ್ಲ.